ಚೀಟಿ ತಂದರೆ ಜಂಪರ್

ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಜಗಳವಾಡಬಲ್ಲವರನ್ನು ನನ್ನ ಜೀವನದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಒಂದು ಪಿನ್ನೂ ಬೀಳುತ್ತಿರಲಿಲ್ಲ, ಒಂದು ಮಾತೂ ತಡವರಿಸುತ್ತಿರಲಿಲ್ಲ. ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಗಲ್ಲಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಕಾಲುಮಷಿನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಿದ್ದರು. ಗಂಡನೂ ದರ್ಜಿಯೇ ಆಗಿದ್ದರಂತೆ. ನಾನು ಕಾಣುವ ಹೊತ್ತಿಗೆ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಹೆಂಗಸಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹರಿಹರದಲ್ಲಿ ಆ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮುಸ್ಲಿಮರ ಮನೆಯವರಿಗೂ ಲಿಂಗಾಯತರ ಮನೆಯವರಿಗೂ ಅವರು ‘ಆಪಾ’, ಅಂದರೆ ಅಕ್ಕ.

ಹೋದ ತಿಂಗಳು ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನನ್ನ ಮನೆಗೆ ಅವರ ಸೊಸೆ ಫೋನ್ ಮಾಡಿದಳು. “ನಮ್ಮತ್ತೆ ಹೋದ್ರು ಸಿಸ್ಟರಮ್ಮ. ಬೆಳಗ್ಗೆ ಚಾ ಕುಡಿದು ಗೋಡೆಗೆ ಒರಗಿ ಕೂತೋರು, ಹಂಗೇ” ಎಂದಳು. ತುಂಬು ವಯಸ್ಸು, ನರಳದ ಸಾವು. ಅಳು ಬರಲಿಲ್ಲ. ಬಂದದ್ದು ಒಂದು ಜಗಳದ ನೆನಪು. ಅದನ್ನೇ ಬರೆಯುತ್ತೇನೆ.

ಆಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಆವರಗೆರೆಯ ರೈತರ ಮನೆಯ ಹುಡುಗಿ. ನರ್ಸಿಂಗ್ ಮುಗಿಸಿ ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ನಮ್ಮ ಡಾಕ್ಟರಮ್ಮನಿಗೆ ಒಂದೇ ಹಟ. ಹೆಂಗಸರು ಕ್ಯಾನ್ಸರ್ ಬಲಿತ ಮೇಲೆ ಬರುತ್ತಾರೆ, ಬರುವ ಮೊದಲೇ ನಾವು ಹೋಗಿ ಹುಡುಕಬೇಕು ಅನ್ನುವುದು. ಮೇಲಿನವರನ್ನು ಒಪ್ಪಿಸಿ, ತಿಂಗಳಿಗೊಂದು ಮಂಗಳವಾರ ಹರಿಹರದಲ್ಲಿ ಒಂದು ಹೆರಿಗೆ ಮನೆಯ ಹಿಂದಿನ ಕೋಣೆಯಲ್ಲಿ ಉಚಿತ ತಪಾಸಣೆ ಶುರುಮಾಡಿದರು. ಎದೆಯಲ್ಲಿ ಗಂಟಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡುವುದು. ಗರ್ಭಕೋಶದ ಬಾಯಿಂದ ಒಂದಿಷ್ಟು ಲೋಳೆ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ದಾವಣಗೆರೆಗೆ ಒಯ್ದು ಪರೀಕ್ಷೆ ಮಾಡಿಸುವುದು. ಗಾಜಿನ ಪಟ್ಟಿಗಳ ಮರದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುವುದು ನನ್ನ ಕೆಲಸ.

ಪೆಟ್ಟಿಗೆ ಹೆಚ್ಚುಕಡಿಮೆ ಹೋದ ಹಾಗೇ ವಾಪಸ್ ಬರುತ್ತಿತ್ತು. ಮೊದಲ ತಿಂಗಳು ನಾಲ್ವರು ಬಂದರು, ಎರಡನೆಯ ತಿಂಗಳು ಇಬ್ಬರು. ಮನೆಮನೆಗೆ ಹೋಗಿ ಕರೆದೆ. “ನಂಗೇನಾಗೈತೆ ಅಂತ ಬರ್ಲಿ?” ಎಂದು ಒಬ್ಬರು, “ಆರಾಮಿದ್ದಾಗ ದವಾಖಾನೆ ಮೆಟ್ಲು ಹತ್ತಿದ್ರ ಇಲ್ಲದ್ದು ಅಂಟ್ಕಂತೈತೆ” ಎಂದು ಇನ್ನೊಬ್ಬರು. ಮೂರನೆಯ ತಿಂಗಳು ಮಧ್ಯಾಹ್ನದವರೆಗೆ ಕೂತು ಬೆಕ್ಕು ಓಡಿಸಿದೆವು. ಯುಗಾದಿಯವರೆಗೆ ನೋಡಿ, ಆಮೇಲೆ ನಿಲ್ಲಿಸಿಬಿಡಿ ಎಂದು ಮೇಲಿನವರು ಹೇಳಿ ಕಳಿಸಿದರು.

ಆ ದಿನವೇ ನಾನು ಆಪಾ ಅಂಗಡಿಗೆ ಹೋದದ್ದು. ಯೂನಿಫಾರಂಗೆ ಬಿಳಿ ರವಿಕೆ, ನಮ್ಮ ಕಡೆಯ ಮಾತಿನಲ್ಲಿ ಜಂಪರ್, ಹೊಲಿಸಬೇಕಿತ್ತು. ಮೂಲೆಯಲ್ಲಿ ಹೂವಿನ ಪರದೆ, ಅದರ ಹಿಂದೆ ಅಳತೆ. ಆಪಾ ಅಳತೆಯನ್ನು ಬರೆದುಕೊಳ್ಳುತ್ತಿರಲಿಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ. ಊರಿನ ಹೆಂಗಸರ ಅಳತೆಯೆಲ್ಲ ಅವರ ತಲೆಯಲ್ಲೇ ಇತ್ತು. ನನ್ನ ತೋಳಿನ ಅಳತೆ ತೆಗೆಯುತ್ತ ಬೆಂಚಿನ ಮೇಲಿನ ಪೆಟ್ಟಿಗೆ ನೋಡಿದರು.

“ಅದ್ರಾಗ ಏನೈತೆ? ಬಳೀನಾ?”

“ಗಾಜಿನ ಪಟ್ಟಿ, ಆಪಾ. ಹೆಂಗಸರ ತಪಾಸಣೆಗೆ. ಯಾರೂ ಬರ್ಲಿಲ್ಲ, ಖಾಲಿ ಒಯ್ತಾ ಇದೀನಿ.”

ಏನು ತಪಾಸಣೆ ಎಂದು ಕೇಳಿದರು. ಹೇಳಿದೆ. ಎದೆಯ ಗಂಟಿನ ಮಾತು ಬಂದಾಗ ಅವರ ಕೈ ನಿಂತಿತು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

“ಗಂಟು ಸಣ್ಣದಿದ್ದಾಗ ಸಿಕ್ರ, ಉಳೀತಾರಾ?”

“ಬಹಳ ಜನ ಉಳೀತಾರೆ ಆಪಾ.”

“ನಿಮ್ಮವ್ವಂಗೆ ಮಾಡ್ಸೀಯಾ?” ಎಂದರು.

ಊರೆಲ್ಲ ಕರೆದು ಬಂದವಳು ಆವರಗೆರೆಯಲ್ಲಿದ್ದ ನನ್ನ ಅವ್ವನ ಹತ್ತಿರ ಈ ಮಾತೆತ್ತಿರಲಿಲ್ಲ. ನಾಚಿಕೆ. ಅವ್ವನ ಮುಂದೆ ‘ಎದೆ’ ಅನ್ನುವ ಪದ ಹೇಗೆ ಹೇಳುವುದು ಎಂಬ ನಾಚಿಕೆ. ಆಪಾ ನನ್ನ ಮುಖ ನೋಡಿ ತಿಳಿದುಕೊಂಡರು.

“ತನ್ನ ಮನ್ಯಾಗ ಉಣ್ಣದ ಅಡಿಗಿ ಮಂದಿಗೆ ಬಡಿಸಬಾರ್ದು ಬೇಟಿ.”

ಮುಂದಿನ ತಪಾಸಣೆಗೆ ಅವ್ವನನ್ನು ಕರೆದುಕೊಂಡು ಹೋದೆ, ಅವಳಿಗೇನೂ ಇರಲಿಲ್ಲ. ನಾವು ಹೋಗುವ ಮೊದಲೇ ಹೆರಿಗೆ ಮನೆಯ ಜಗಲಿಯಲ್ಲಿ ಕಪ್ಪು ಬುರ್ಖಾ ತೊಟ್ಟು ಒಬ್ಬರು ಕೂತಿದ್ದರು. ಆಪಾ. “ನಾನೇ ತೊಟ್ಟು ನೋಡ್ತೀನಿ ಮೊದ್ಲು. ಆಮ್ಯಾಲೆ ಮಂದಿಗೆ ಹೇಳ್ತೀನಿ” ಎಂದರು. ಒಳಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡರು. ಮುಗಿದ ಮೇಲೆ ಏಳಲಿಲ್ಲ. ಡಾಕ್ಟರಮ್ಮನ ಎದುರು ತಮ್ಮ ಹತ್ತು ಬೆರಳು ಚಾಚಿದರು.

“ಇದಕ್ಕೆ ಕಲಿಸ್ರಿ.”

“ಯಾವುದಕ್ಕೆ?”

“ನನ್ನ ಬೆರಳಿಗೆ. ಮಡಚಿದ ಬಟ್ಟ್ಯಾಗ ಮುರಿದ ಸೂಜಿ ಎಲ್ಲೈತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ ನಾನು. ಗಂಟು ಹೆಂಗಿರ್ತೈತೆ ಅಂತ ಒಮ್ಮೆ ತೋರ್ಸ್ರಿ ಸಾಕು.”

ಡಾಕ್ಟರಮ್ಮ ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. ಹತ್ತಿಯ ಉಂಡೆಯೊಳಗೆ ಅವರೆಕಾಳು, ಹೆಸರುಕಾಳು ಹುದುಗಿಸಿ, ಮೇಲೆ ಬಟ್ಟೆ ಸುತ್ತಿ ಕೊಟ್ಟರು. ಆಪಾ ಮೂರು ಬೆರಳು ಚಪ್ಪಟೆ ಮಾಡಿ ಸುತ್ತು ತಿರುಗಿಸಿ ಒತ್ತಿ, ಹೆಸರುಕಾಳನ್ನೂ ಹಿಡಿದರು. ನಾನು ವರ್ಷಗಟ್ಟಲೆ ಓದಿದ್ದನ್ನು ಆಕೆ ಅರ್ಧ ಗಂಟೆಯಲ್ಲಿ ಕಲಿತದ್ದು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಂದಿನಿಂದ ಪರದೆಯ ಹಿಂದೆ ಅಳತೆಯ ಜೊತೆ ಪಾಠವೂ ಶುರುವಾಯಿತು. ಕೇಳದೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಹೆಚ್ಚಾಗಿ ಅವರವರ ಕೈಯನ್ನೇ ಹಿಡಿದು ಅವರವರ ಎದೆಯ ಮೇಲಿಟ್ಟು, “ನಿನ್ನ ಕೈ ನಿಂಗ ಸುಳ್ಳು ಹೇಳಲ್ಲ. ತಿಂಗಳಿಗೊಮ್ಮೆ ಕೇಳು ಅದನ್ನ” ಎನ್ನುತ್ತಿದ್ದರು. ಅಲ್ಲಿ ಗಂಡಸರ ಸುಳಿವಿಲ್ಲ, ಔಷಧಿ ವಾಸನೆ ಇಲ್ಲ. ಡಾಕ್ಟರ ಮುಂದೆ ಮೈ ಬಿಗಿಹಿಡಿಯುವ ಹೆಂಗಸರು ಆಪಾ ಮುಂದೆ ಸಲೀಸಾಗಿ ತೋಳು ಎತ್ತುತ್ತಿದ್ದರು.

ಎಡವಿದ್ದೂ ಉಂಟು. ಹಾಲೂಡಿಸುವ ಒಬ್ಬ ಬಾಣಂತಿಯ ಎದೆಯಲ್ಲಿ ಗಟ್ಟಿ ಸಿಕ್ಕಿತೆಂದು ಆಪಾ ಗಾಬರಿಯಾಗಿ, ಆ ಗಾಬರಿಯನ್ನು ಅವಳಿಗೂ ಅಂಟಿಸಿದರು. ಮನೆಮಂದಿಯೆಲ್ಲ ಅಳುತ್ತ ದಾವಣಗೆರೆಗೆ ಬಂದಿಳಿದರು. ನೋಡಿದರೆ ಹಾಲು ಕಟ್ಟಿದ್ದು, ಅಷ್ಟೇ. ಡಾಕ್ಟರಮ್ಮ ಆಪಾನನ್ನು ಕರೆಸಿ ಬೈದರು. ಬಾಯಲ್ಲಿ ಪಿನ್ನಿದ್ದರೂ ಜಗಳವಾಡುವ ಹೆಂಗಸು ತಲೆತಗ್ಗಿಸಿ ಕೇಳಿಸಿಕೊಂಡರು. ಮರುದಿನ ಕೂಸಿಗೊಂದು ಕುಲಾವಿ ಹೊಲಿದುಕೊಂಡು ಆ ಬಾಣಂತಿಯ ಮನೆಗೆ ಹೋಗಿ, “ತಪ್ಪಾತು ಮಗಾ” ಎಂದು ಬಂದರು. ಆಮೇಲೆ ಅವರ ಬಾಯಲ್ಲಿ ಒಂದು ಮಾತು ಕಾಯಂ ಆಯಿತು: “ಏನಂತ ನಂಗ ಗೊತ್ತಿಲ್ಲ, ಡಾಕ್ಟರಮ್ಮಂಗ ಗೊತ್ತು. ಮಂಗಳವಾರ ಹೋಗ್ಬಾ.”

ಮಂಗಳವಾರಕ್ಕೆ ಎಂಟು, ಹತ್ತು ಜನ ಬರತೊಡಗಿದರು. ಆದರೂ ಯುಗಾದಿ ಹತ್ತಿರ ಬರುತ್ತಿತ್ತು. ಮೇಲಿನವರು ನಿಲ್ಲಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಇನ್ನು ಜಗಳದ ವಿಷಯ. ಹರಿಹರದ ಪಕ್ಕದ ಗುತ್ತೂರಿನಲ್ಲಿ ಒಂದು ಮನೆ. ಒಂದಿಷ್ಟು ಹೊಲ, ಮಗ ಫ್ಯಾಕ್ಟರಿ ಕೆಲಸಗಾರ. ಮನೆಯ ಸೊಸೆ ಗಿರಿಜಾ, ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಾಯಿ. ಅವಳ ನಾದಿನಿಯ ಮದುವೆಗೆ ಇನ್ನು ಒಂದೂವರೆ ತಿಂಗಳಿತ್ತು. ಮದುಮಗಳದ್ದೂ ಮನೆಯ ಹೆಂಗಸರದ್ದೂ ಸೇರಿ ಹನ್ನೊಂದು ರವಿಕೆ ಆಪಾ ಹತ್ತಿರ ಹೊಲಿಗೆಗೆ ಬಂದಿದ್ದವು. ಅಳತೆ ಕೊಡಲು ಬಂದ ಗಿರಿಜಾಳ ಹಳೆಯ ರವಿಕೆ ಎಡಗಡೆ ಮಾತ್ರ ಜಗ್ಗುತ್ತಿರುವುದನ್ನು ಆಪಾ ಕಂಡರು. ಕೇಳಿ, ಮುಟ್ಟಿ ನೋಡಿದರು. ಅವರೆಕಾಳಿಗಿಂತ ದೊಡ್ಡದು, ಅಲುಗಾಡದ್ದು.

“ಎಷ್ಟು ದಿನಾತು?”

“ನೋವಿಲ್ಲ ಬಿಡ್ರಿ ಆಪಾ.”

“ನೋವಿಲ್ಲ ಅಂತ್ಲೇ ಹೋಗ್ಬೇಕು ಮಗಳೇ. ಮಂಗಳವಾರ ಹೋಗ್ಬಾ.”

ಗಿರಿಜಾ ಆ ಮಂಗಳವಾರ ಬರಲಿಲ್ಲ. ಮದುವೆ ಮುಗಿಯಲಿ ಎಂದು ಅತ್ತೆ ಅಂದರಂತೆ. ಆಪಾ ಹೊಲಿದು ಮುಗಿಸಿದ್ದ ಹನ್ನೊಂದು ರವಿಕೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, “ಡಾಕ್ಟರಮ್ಮನ ಚೀಟಿ ತಂದ್ರ ಜಂಪರ್, ಇಲ್ಲಾಂದ್ರ ಇಲ್ಲ” ಎಂದು ಗುತ್ತೂರಿಗೆ ಹೇಳಿಕಳಿಸಿದರು. ತಪಾಸಣೆಯಾದವರಿಗೆ ನಾವು ಕೊಡುತ್ತಿದ್ದ ಚೀಟಿ ಅದು. ಮುಂದಿನ ವರ್ಷ ಯಾವಾಗ ಬರಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು.

ಮರುದಿನ ಅತ್ತೆ ಸೊಸೆಯನ್ನು ಹಿಂದೆ ಹಾಕಿಕೊಂಡು ಬಂದೇಬಿಟ್ಟರು. ನಾನು ಅಲ್ಲಿದ್ದೆ, ಇನ್ನೊಂದು ಬಿಳಿ ರವಿಕೆ ಹೊಲಿಸಲು ಹೋಗಿದ್ದೆ. ಆ ಅಮ್ಮ ಎತ್ತರದ ಆಳು, ದನಿಯೂ ಎತ್ತರ. ಅಂಗಡಿಯ ಹೊಸ್ತಿಲಲ್ಲೇ ನಿಂತರು.

“ಏನವ್ವಾ, ನಮ್ಮ ಬಟ್ಟಿ ನಮಗ ಕೊಡಾಕ ನಿಂದೇನು ಕಾನೂನು?”

“ಒಳಗ ಬರ್ರಿ, ಕೂಡ್ರಿ” ಎಂದರು ಆಪಾ, ಬಾಯಿತುಂಬ ಪಿನ್ನು.

“ಕೂಡಾಕ ಬಂದಿಲ್ಲ ನಾನು. ಬಟ್ಟಿ ಹೊಲಿಯಾಕಿ ಬಟ್ಟಿ ಹೊಲಿ. ನಮ್ಮನಿ ಹೆಂಗಸ್ರ ಮೈ ಲೆಕ್ಕ ನಿಂಗ್ಯಾಕ?”

“ಇಪ್ಪತ್ತು ವರ್ಷದಿಂದ ನಿಮ್ಮನಿ ಹೆಂಗಸ್ರ ಮೈ ಲೆಕ್ಕ ನನ್ನ ಹತ್ರನೇ ಐತಲ್ಲ ಅಮ್ಮ! ನಿಮ್ಮ ಸೊಸಿ ಮದ್ಲಗಿತ್ತಿಯಾಗಿ ಬಂದಾಗ ಎದಿ ಎಷ್ಟು, ಸೊಂಟ ಎಷ್ಟು, ಎರಡು ಹಡೆದ ಮ್ಯಾಲೆ ಎಷ್ಟು, ಕೇಳ್ರಿ, ಹೇಳ್ತೀನಿ. ನಿಮಗ ಗೊತ್ತೈತಾ?”

ಗಲ್ಲಿಯ ಹೆಂಗಸರು ಬಾಗಿಲಿಗೆ ಬಂದರು. ಅತ್ತೆಯ ಮುಖ ಕೆಂಪಾಯಿತು.

“ಶುಭಕಾರ್ಯ ಇಟ್ಕಂಡೀವಿ. ದವಾಖಾನಿ ಅಂತ ಅಡ್ಡಾಡಿದ್ರ ಬೀಗ್ರ ಕಿವಿಗೆ ಬೀಳಲ್ಲೇನು? ಮದುವಿ ಆಗ್ಲಿ, ಆಮ್ಯಾಲೆ ನೋಡಾಣ. ದಾವಣಗೇರ್ಯಾಗ ದರ್ಜಿಗೋಳಿಗೆ ಬರ ಬಂದಿಲ್ಲ. ಕೊಡು ನಮ್ಮ ಬಟ್ಟಿ.”

ಆಪಾ ಎದ್ದರು. ಟ್ರಂಕಿನ ಬೀಗ ತೆಗೆದು, ಹನ್ನೊಂದೂ ರವಿಕೆಗಳನ್ನು ಅವರ ಮುಂದೆ ಇಟ್ಟರು. ಬಾಯಿಯ ಪಿನ್ನುಗಳನ್ನೆಲ್ಲ ತೆಗೆದರು.

“ತಗಂಡು ಹೋಗ್ರಿ. ಹೊಲಿಗೆ ಕೂಲಿನೂ ಬ್ಯಾಡ. ಆದ್ರ ಸೊಸಿನ ಇಲ್ಲಿ ಬಿಟ್ಟು ಹೋಗ್ರಿ.”

ಆಗ ಆಪಾ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಅವರ ಬಾಯಿಂದ ಕೇಳಲಿಲ್ಲ.

“ನಂಗೊಬ್ಳು ತಂಗಿ ಇದ್ಲು ಅಮ್ಮ. ಜಂಪರ್ ಬಿಗಿ ಆಗೈತೆ ಅಕ್ಕಾ, ಬಿಚ್ಚಿ ಕೊಡು ಅಂದ್ಲು. ಬಿಚ್ಚಿ ಕೊಟ್ಟೆ. ಒಂದೇ ಕಡೆ. ಎರಡು ತಿಂಗ್ಳು ಬಿಟ್ಟು ಮತ್ತ ಬಂದ್ಲು. ಮತ್ತ ಬಿಚ್ಚಿ ಕೊಟ್ಟೆ, ಅದೇ ಕಡೆ. ಯಾಕ ಒಂದೇ ಕಡೆ ಬಿಗಿ ಆಕ್ಕೈತೆ ಅಂತ ನಾನು ಕೇಳ್ಲಿಲ್ಲ. ಈ ಕೈಲೇ ಹೊಲಿಗಿ ಬಿಚ್ಚಿದ್ದು. ಕೇಳಿದ್ರ ಇವತ್ತು ಆಕಿ ಇರ್ತಿದ್ಲು. ನಿಮ್ಮ ಸೊಸಿದು ನಾನು ಕೇಳೀನಿ. ನೀವು ಬೈರಿ, ಹೊಡೀರಿ. ನಾನು ಕೇಳೀನಿ.”

ಅತ್ತೆ ರವಿಕೆಗಳ ಮೇಲೆ ಕೈ ಇಟ್ಟವರು ತೆಗೆಯಲೂ ಇಲ್ಲ, ಎತ್ತಿಕೊಳ್ಳಲೂ ಇಲ್ಲ. ತಿರುಗಿ ಸೊಸೆಯನ್ನು ನೋಡಿದರು. ಅಲ್ಲಿಯವರೆಗೆ ಬಾಯಿಬಿಡದಿದ್ದ ಗಿರಿಜಾ, “ಅತ್ತೀ, ನಂಗ ಹೆದ್ರಿಕಿ ಆಗೈತೆ” ಎಂದಳು. ಅಷ್ಟೇ. ಆ ದೊಡ್ಡ ದನಿಯ ಹೆಂಗಸು ಹೊಸ್ತಿಲು ದಾಟಿ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದರು:

“ಮಂಗ್ಳಾರದ ತನಕ ಯಾಕ ಕಾಯ್ಬೇಕು? ಡಾಕ್ಟರಮ್ಮ ಇವತ್ತು ದಾವಣಗೇರ್ಯಾಗ ಇರ್ತಾರೇನು?”

ಮುಂದಿನ ಬಸ್ಸಿಗೇ ಹೊರಟೆವು. ಅತ್ತೆ, ಸೊಸೆ, ನಾನು, ಮತ್ತು ಅಂಗಡಿಗೆ ಚಿಲಕ ಹಾಕಿ ಬಂದ ಆಪಾ. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಕೈ ಮಾತ್ರ ಸೊಸೆಯ ಕೈಯನ್ನು ಬಿಟ್ಟಿರಲಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಗಂಟಿನ ಚೂರು ತೆಗೆದು ಕಳಿಸಿದರು. ಅನುಮಾನ ನಿಜವಾಯಿತು, ಅದು ಕ್ಯಾನ್ಸರೇ. ವಾರದೊಳಗೆ ಶಸ್ತ್ರಚಿಕಿತ್ಸೆ ಆಯಿತು, ಎಡ ಸ್ತನ ತೆಗೆಯಬೇಕಾಯಿತು. ಥಿಯೇಟರಿನಲ್ಲಿ ನಾನೂ ಇದ್ದೆ. ಅದು ಕಂಕುಳಿಗೆ ಹರಡಿರಲಿಲ್ಲ. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ಬೆಂಗಳೂರಿಗೆ ಒಯ್ಯುವ ಪ್ರಮೇಯವೂ ಬರಲಿಲ್ಲ. ಹೊರಗೆ ಗಂಡ, ಅತ್ತೆ, ಆಪಾ ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದುಕೊಂಡು, “ಮದುವೆ ಮುಗಿಸಿಕೊಂಡು ಬಂದಿದ್ರೆ ಏನಾಗ್ತಿತ್ತೋ, ಹೇಳಕ್ಕಾಗಲ್ಲ. ಈಗ ಬಂದಿದ್ದಕ್ಕೆ ಪೂರ್ತಿ ತೆಗೆದಿದೀವಿ” ಎಂದರು. ಅತ್ತೆ ಕೈ ಮುಗಿದರು. ಡಾಕ್ಟರಮ್ಮನಿಗೆ ಒಮ್ಮೆ, ಆಮೇಲೆ ಪಕ್ಕಕ್ಕೆ ತಿರುಗಿ ಆಪಾಗೆ.

ಗಾಯ ಮಾಗುವ ಹೊತ್ತಿಗೆ ಗಿರಿಜಾ ಮಂಕಾಗಿದ್ದಳು. ಬದುಕಿದೆ ನಿಜ, ಆದರೆ ಮದುವೆಮನೆಯಲ್ಲಿ ನಾಲ್ಕು ಜನರ ಮುಂದೆ ಹೇಗೆ ನಿಲ್ಲುವುದು ಎಂದು ನನ್ನ ಹತ್ತಿರ ಅತ್ತಳು. ಗಾಯದ ಹೊಲಿಗೆ ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ಆಪಾ ಗುತ್ತೂರಿಗೆ ಹೋಗಿ, ಬಾಗಿಲು ಹಾಕಿಸಿ, ಹೊಸದಾಗಿ ಅಳತೆ ತೆಗೆದರು. ಹನ್ನೊಂದರಲ್ಲಿ ಅವಳದಾದ ರವಿಕೆಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ಒಳಗಡೆ ಮೆತ್ತನೆಯ ಅಸ್ತರು, ಗಾಯಕ್ಕೆ ಹೊಲಿಗೆ ತಾಗದ ಹಾಗೆ. ಎಡಗಡೆ ಚೆನ್ನಾಗಿ ಹಿಂಜಿದ ಹತ್ತಿಯ ಚೀಲ, ತೂಕಕ್ಕೆ ಒಂದಿಷ್ಟು ಸಾಸಿವೆ. ಸಾಸಿವೆ ಯಾರು ಹೇಳಿಕೊಟ್ಟರು ಎಂದು ಡಾಕ್ಟರಮ್ಮ ಬೆರಗಾಗಿ ಕೇಳಿದರು. “ಯಾರು ಹೇಳ್ಬೇಕು? ಬರೀ ಹತ್ತಿ ಹಾಕಿದ್ರ ಹಗುರಾಗಿ ಮ್ಯಾಲೆ ಏರ್ತೈತಲ್ಲ” ಎಂದರು ಆಪಾ.

ಮದುವೆಗೆ ನಾವೆಲ್ಲ ಹೋಗಿದ್ದೆವು. ಗಿರಿಜಾ ಹಸಿರು ರೇಷ್ಮೆ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು, ಬೀಗರನ್ನು ಎದುರುಗೊಂಡಳು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ಗುಟ್ಟಾಗಿಯೇ ಉಳಿಯುತ್ತಿತ್ತೋ ಏನೋ, ಆದರೆ ಊಟದ ಪಂಕ್ತಿಯಲ್ಲಿ ಅತ್ತೆಯೇ ಎದ್ದು ನಿಂತರು. ಬೀಗರ ಕಿವಿಗೆ ಬೀಳಬಾರದು ಎಂದಿದ್ದ ಅದೇ ಹೆಂಗಸು ಬೀಗಿತ್ತಿಯ ಎದುರಿಗೇ ಹೇಳಿದರು:

“ನನ್ನ ಸೊಸಿಗೆ ಆಪರೇಷನ್ ಆತು. ಎದಿ ಗಂಟು. ಗುಂಡುಕಲ್ಲಿನಂಗ ಬದುಕಿ ಬಂದು ನಿಮಗ ಆರತಿ ಮಾಡ್ಯಾಳ. ನೀವೂ ಎಲ್ಲಾರೂ ಹೋಗಿ ತೋರ್ಸ್ಕೋರಿ. ನಾಚಿಕಿ ಗೀಚಿಕಿ ಅಂದ್ರ ನಾನೇ ಎಳಕಂಡು ಹೊಕ್ಕೀನಿ.”

ಬೀಗಿತ್ತಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟು, “ಯಾವ ವಾರ?” ಎಂದು ಕೇಳಿದರು.

ಮುಂದಿನ ಮಂಗಳವಾರ ಬಸ್ಸಿಳಿದು ಹೆರಿಗೆ ಮನೆಯ ಕಡೆ ತಿರುಗಿದಾಗ ಯಾರೋ ತೀರಿಕೊಂಡಿದ್ದಾರೆ ಎಂದೇ ನನಗನ್ನಿಸಿತು, ಅಷ್ಟು ಹೆಂಗಸರು. ಗುತ್ತೂರಿನಿಂದ ಒಂದು ಟ್ರಾಕ್ಟರ್ ತುಂಬ ಬಂದಿದ್ದರು. ಆಪಾ ಗಲ್ಲಿಯವರು ಬುರ್ಖಾ ತೊಟ್ಟು ಸಾಲಾಗಿ ಬಂದಿದ್ದರು. ನಡುವೆ ನಿಂತು ಆಪಾ, “ವಯಸ್ಸಾದೋರು ಮುಂದೆ ಬರ್ರಿ, ಕೂಸಿನ ತಾಯಂದಿರು ನೆಳ್ಳಾಗ ಕೂಡ್ರಿ” ಎಂದು ಸಾಲು ಸರಿಮಾಡುತ್ತಿದ್ದರು. ಮೊದಲನೆಯವರಾಗಿ ಒಳಗೆ ಹೋದದ್ದು ಗಿರಿಜಾಳ ಅತ್ತೆ. ಹೊರಗೆ ಬಂದು ಚೀಟಿಯನ್ನು ಎತ್ತಿ ಹಿಡಿದು, “ನಂದು ಆತು! ಏನಿಲ್ಲ, ಇರಿವಿ ಕಚ್ಚಿದಷ್ಟೂ ಇಲ್ಲ!” ಎಂದು ಕೂಗಿದರು. ಸಾಲಿನಲ್ಲಿ ನಗೆಯೋ ನಗೆ. ಮಧ್ಯಾಹ್ನದ ಹೊತ್ತಿಗೆ ಗಾಜಿನ ಪಟ್ಟಿ ಮುಗಿದವು. ಡಾಕ್ಟರಮ್ಮ ಖಾಲಿ ಡಬ್ಬಿ ಹಿಡಿದು ಬಾಗಿಲಿಗೆ ಬಂದು ನಿಂತು, ಉಳಿದ ಸಾಲನ್ನು ನೋಡಿದರು. ಸದಾ ಗಂಭೀರವಾಗಿರುವ ಆ ಹೆಂಗಸು ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಯುಗಾದಿಯ ನಂತರ ತಪಾಸಣೆ ನಿಲ್ಲಲಿಲ್ಲ, ತಿಂಗಳಿಗೊಂದು ಇದ್ದದ್ದು ವಾರಕ್ಕೊಂದು ಆಯಿತು.

ಆ ಸಾಲಿನಲ್ಲಿ ಬಂದವರಲ್ಲಿ ಇನ್ನೂ ಕೆಲವರಿಗೆ ರೋಗ ಬೇಗ ಗೊತ್ತಾಗಿ ಬೇಗ ವಾಸಿಯಾಯಿತು. ಆಪಾಗೆ ಯಾರೋ ಹಾರ ಹಾಕಲು ಹೋದರು. “ಹಾರ ಹಾಕಿದ್ರ ಮಷಿನ್‌ಗೆ ಸಿಕ್ಕಂತೈತೆ, ಒಯ್ರಿ” ಎಂದು ಬೈದು ಕಳಿಸಿದರು. ಸಂತೋಷವನ್ನು ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ. ಅದನ್ನು ನಾನು ಒಮ್ಮೆ ಮಾತ್ರ ಕಂಡೆ.

ಆಪರೇಷನ್ ಆಗಿ ಐದು ವರ್ಷ ತುಂಬಿದಾಗ ಗಿರಿಜಾಳನ್ನು ಕೊನೆಯ ದೊಡ್ಡ ಪರೀಕ್ಷೆಗೆ ದಾವಣಗೆರೆಗೆ ಕರೆಸಿದ್ದೆವು. ಎಲ್ಲ ನೋಡಿ ಡಾಕ್ಟರಮ್ಮ, “ಎಲ್ಲೂ ಏನೂ ಇಲ್ಲ. ಇನ್ನು ಎಲ್ಲರ ಹಾಗೆ ವರ್ಷಕ್ಕೊಮ್ಮೆ ಬಾ, ಸಾಕು” ಎಂದರು. ಅವಳು ಮನೆಗೆ ಹೋಗಲಿಲ್ಲ, ನನ್ನನ್ನೂ ಎಳೆದುಕೊಂಡು ಹರಿಹರದಲ್ಲಿ ಬಸ್ಸಿಳಿದು ನೇರ ಆಪಾ ಅಂಗಡಿಗೆ ಓಡಿದಳು. ಏದುಸಿರಿನಲ್ಲಿ ವಿಷಯ ಹೇಳಿದಳು. ಆಪಾ ಮಷಿನ್ ನಿಲ್ಲಿಸಿದರು. ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ, ಅಲ್ಲಾನ ದಯೆ ಎಂದೂ ಅನ್ನಲಿಲ್ಲ. “ನಿಲ್ಲು ಹಿಂಗ” ಎಂದು ಅವಳನ್ನು ಪರದೆಯ ಹಿಂದಕ್ಕೆ ಕರೆದೊಯ್ದರು. ಆಮೇಲೆ ಪರದೆ ಸರ್ರನೆ ಸರಿಯಿತು. ಆಪಾ ಒಂದು ಕೈಯಲ್ಲಿ ಟೇಪಿನ ತುದಿ ಹಿಡಿದು, ಇನ್ನೊಂದು ಕೈಯಿಂದ ಗಿರಿಜಾಳ ಬೆನ್ನು ತಟ್ಟುತ್ತ, ಇಡೀ ಗಲ್ಲಿಗೆ ಕೇಳಿಸುವ ಹಾಗೆ ಕೂಗಿದರು:

“ಕೇಳ್ರವ್ವಾ ಎಲ್ಲಾರೂ! ದಪ್ಪ ಆಗ್ಯಾಳ! ಸೊಂಟ ಮೂರು ಇಂಚು ಹೆಚ್ಚಾಗೈತೆ! ಹಳೇವು ಒಂದೂ ಬರಂಗಿಲ್ಲ, ಎಲ್ಲಾ ಹೊಸಾವು ಹೊಲೀಬೇಕು!”